ತುಳಸಿಗೆ ಎರಡು ಹೆಸರು

ವರಲಕ್ಷ್ಮಿ ಮೈಸೂರಿನ ಕಾಲೇಜೊಂದರಲ್ಲಿ ಹನ್ನೆರಡು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವರು. ಗಂಡ ಬಾಲಸುಬ್ರಹ್ಮಣ್ಯ ಅಮೆರಿಕದ ರಾಕ್‌ವಿಲ್‌ನ ಲ್ಯಾಬೊಂದನ್ನು ಸೇರಿದ ಮೇಲೆ ೧೯೮೩ರಲ್ಲಿ ಅವರೂ ಬಂದರು. ಇಲ್ಲಿ ಅವರ ಎಂಎಸ್ಸಿಗೆ ಸಿಕ್ಕಿದ್ದು ವಾಷಿಂಗ್ಟನ್ನಿನ ಸಂಗ್ರಹಾಲಯವೊಂದರಲ್ಲಿ ಒಣಗಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸುವ ಕೆಲಸ. ಹದಿನೈದು ವರ್ಷ ಅಂಟಿಸಿದರು. ಕತ್ತು ಹಿಡಿಯಿತು, ಕನ್ನಡಕ ಮೂರು ಸಲ ಬದಲಾಯಿತು.

ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ಗಟ್ಟಿ ಮಾಡಿದವನು ಹದಿನೆಂಟನೇ ಶತಮಾನದ ಸ್ವೀಡನ್ನಿನ ಲಿನೇಯಸ್. ಭಾರತವನ್ನೇ ಕಾಣದ ಆತ ನಮ್ಮ ತುಳಸಿಗೂ ಹೆಸರಿಟ್ಟ. ಅದೂ ಎರಡು ಸಲ. ಮೊದಲು ‘ಟೆನ್ಯುಫ್ಲೋರಂ’, ಅಂದರೆ ತೆಳು ಹೂವಿನದು. ಹದಿನಾಲ್ಕು ವರ್ಷದ ಮೇಲೆ ‘ಸ್ಯಾಂಕ್ಟಂ’, ಪವಿತ್ರವಾದದ್ದು. ಎರಡೂ ಒಂದೇ ಗಿಡವೆಂದು ಆಮೇಲಿನವರು ಕಂಡುಕೊಂಡರು. ಮೊದಲಿಟ್ಟ ಹೆಸರೇ ನಿಲ್ಲಬೇಕೆಂಬುದು ನಿಯಮ.

೧೯೯೪ರ ಚಳಿಗಾಲದಲ್ಲಿ ವರಲಕ್ಷ್ಮಿಯವರ ಮೇಜಿಗೆ ತುಳಸಿಯ ಹಾಳೆಗಳ ಕಟ್ಟು ಬಂತು. ಒಂದೊಂದಕ್ಕೂ ಸರಿಯಾದ ಹೆಸರಿನ ಚೀಟಿ ಅಂಟಿಸಿ ಸಹಿ ಹಾಕಬೇಕು. ನಾಲ್ಕನೇ ದಿನ ಕೈಗೆ ಬಂದ ಹಾಳೆಯಲ್ಲಿ ಅವರದೇ ಅಕ್ಷರ: ಶ್ರೀರಂಗಪಟ್ಟಣ, ೧೯೭೨. ಕಾಲೇಜಿನವರು ಎಂದೋ ಈ ಸಂಗ್ರಹಾಲಯಕ್ಕೆ ವಿನಿಮಯವಾಗಿ ಕಳಿಸಿದ್ದು. ‘ಸ್ಯಾಂಕ್ಟಂ’ ಎಂದು ಎಷ್ಟು ದುಂಡಗೆ ಬರೆದಿದ್ದರು! ಅವತ್ತು ವಿದ್ಯಾರ್ಥಿನಿಯರ ಜೊತೆ ಹೊಳೆದಂಡೆಯಲ್ಲಿ ಕೂತು ಬುತ್ತಿ ತಿಂದದ್ದು ನೆನಪಾಯಿತು. ಪಕ್ಕದವರನ್ನು ಕರೆದು ತೋರಿಸಬಹುದಿತ್ತು. ವಿವರಿಸುವುದಕ್ಕೇ ಆಯಾಸವೆನಿಸಿ, ಚೀಟಿ ಅಂಟಿಸಿ, ಸಹಿ ಹಾಕಿ, ಮುಂದಿನ ಹಾಳೆ ಎಳೆದುಕೊಂಡರು.

ಸಂಜೆ ರೈಲಿನಲ್ಲಿ ನಿದ್ದೆ ಹತ್ತಿ ರಾಕ್‌ವಿಲ್ ದಾಟಿಹೋಯಿತು. ಕೊನೆಯ ನಿಲ್ದಾಣವಾದ ಶೇಡಿ ಗ್ರೋವ್‌ನಲ್ಲಿ ಇಳಿದು ಫೋನ್ ಮಾಡಿದಾಗ ಗಂಡ ಕಾರು ತಂದರು.

“ಏನೇ, ಹುಷಾರಿಲ್ವಾ?”

“ನಾನು ಮೈಸೂರಲ್ಲಿದ್ದಾಗ ಮಾಡಿದ್ದ ತುಳಸಿ ಹಾಳೆ ಸಿಕ್ತು ರೀ. ನಾನು ಬರೆದಿದ್ದ ಹೆಸರನ್ನ ನಾನೇ ಕರೆಕ್ಟ್ ಮಾಡ್ದೆ.”

“ಆಗ ಎಲ್ಲಾರೂ ಹಾಗೇ ತಾನೇ ಬರೀತಿದ್ದಿದ್ದು? ನಿನ್ನ ಮಿಸ್ಟೇಕ್ ಹೇಗಾಗತ್ತೆ?”

“ಮಿಸ್ಟೇಕ್ ಅಂತಲ್ಲ. ಅದನ್ನೇ ಎಷ್ಟು ಜನ ಮಕ್ಕಳಿಗೆ ಹೇಳ್ಕೊಟ್ಟಿದೀನಿ. ಅಲ್ಲಿ ಮೇಡಂ ಆಗಿದ್ದೆ. ಇಲ್ಲಿ ಗೋಂದು ಹಚ್ಚೋಳು.”

ಬಾಲಸುಬ್ರಹ್ಮಣ್ಯ ಹೀಟರ್ ಜಾಸ್ತಿ ಮಾಡಿದರು. ಸ್ವಲ್ಪ ದೂರ ಹೋದ ಮೇಲೆ, “ಬೇಕಾದ್ರೆ ಬಿಟ್ಬಿಡು” ಎಂದರು.

“ಬಿಟ್ಟು ಮನೇಲಿ ಏನ್ ಮಾಡ್ಲಿ?”

ಬಿಡಲಿಲ್ಲ. ತುಳಸಿ ಮುಗಿಯಲು ಇನ್ನೂ ಒಂಬತ್ತು ದಿನ ಹಿಡಿಯಿತು. ಆಮೇಲೆ ಪುದೀನದ ಕಟ್ಟು ಬಂತು. ೧೯೯೮ರಲ್ಲಿ ಬೆರಳುಗಳನ್ನು ಮಡಚಲಾಗದಂತಾದಾಗ ವರಲಕ್ಷ್ಮಿ ಕೆಲಸ ಬಿಟ್ಟರು.