ಅಕ್ಕನ ಸರ, ಭಾವನ ಮನೆ

ಸ್ವೀಡನ್ನಿನ ಗೋಥೆನ್‌ಬರ್ಗಿನ ಕನ್ನಡದವರ ನಡುವೆ ಒಂದು ಕಥೆ ಓಡಾಡುತ್ತಿದೆ. ಓದಲು ಬಂದ ತಂಗಿಯೊಬ್ಬಳು ಅಕ್ಕನ ಕಿವಿಯೂದಿ, ಚೆನ್ನಾಗಿದ್ದ ಸಂಸಾರದಲ್ಲಿ ಗಂಡ ಹೆಂಡಿರ ನಡುವೆ ಆಸ್ತಿಯ ಕರಾರು ಬರೆಸಿದಳಂತೆ. ಆ ತಂಗಿ ನಾನು. ಕಾಲೇಜಿನ ದಿನಗಳೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಮಾಡಿಕೊಂಡೇ ಬೆಳೆದವಳಾದ್ದರಿಂದ ಈ ಆರೋಪ ನನಗೆ ಸುಲಭವಾಗಿ ಅಂಟುತ್ತದೆ. ಆದರೆ ಆರೋಪ ಮಾಡಿದವರೇ ಸಾಕ್ಷಿ ಕೊಡಬೇಕಲ್ಲ? ಕೊಟ್ಟವರಿಲ್ಲ. ಕಥೆ ಹೇಳುವವರಲ್ಲಿ ಒಬ್ಬರೂ ಆ ಶನಿವಾರ ಮಧ್ಯಾಹ್ನ ಅಕ್ಕನ ಮನೆಯ ಊಟದ ಮೇಜಿನ ಬಳಿ ಇರಲಿಲ್ಲ. ನಾನಿದ್ದೆ, ಒಗ್ಗರಣೆ ಮಂಡಕ್ಕಿ ತಿನ್ನುತ್ತಾ.

ಕರಾರಿನ ಯೋಚನೆ ಅಕ್ಕನದು. ಅವಳ ಆಫೀಸಿನಲ್ಲಿ ಫೀಕಾ ಎಂದರೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತು. ವಿಚ್ಛೇದನದ ನಡುವೆ ಇದ್ದ ಸಹೋದ್ಯೋಗಿಯೊಬ್ಬಳು ಹಾಗೆ ಕೂತಾಗ ಇಲ್ಲಿನ ಕಾನೂನು ವಿವರಿಸಿದ್ದಳು. ಮದುವೆಯಾದವರ ಆಸ್ತಿ ಯಾರ ಹೆಸರಿನಲ್ಲೇ ಇರಲಿ, ಬೇರೆಯಾಗುವಾಗಲೋ ಒಬ್ಬರು ತೀರಿಕೊಂಡಾಗಲೋ ಎಲ್ಲವನ್ನೂ ಒಟ್ಟು ಸೇರಿಸಿ ಸಮಪಾಲು ಮಾಡುತ್ತಾರೆ. ಹಾಗಾಗುವುದು ಬೇಡವೆಂದರೆ ಮೊದಲೇ ಬರೆದು ಸಹಿ ಮಾಡಿ ತೆರಿಗೆ ಕಚೇರಿಯಲ್ಲಿ ನೋಂದಾಯಿಸಬೇಕು. ಅಕ್ಕನಿಗೆ ತಕ್ಷಣ ನೆನಪಾದದ್ದು ಅಜ್ಜಿಯ ಬಂಗಾರದ ಅವಲಕ್ಕಿ ಸರ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮದುವೆಯಲ್ಲಿ ಅಕ್ಕನಿಗೆ ಬಂದದ್ದು. ಒಮ್ಮೆಯೂ ಮುರಿಸಿಲ್ಲ. ಅದರಲ್ಲಿ ಇನ್ನೊಬ್ಬರಿಗೆ ಅರ್ಧ ಅಂದರೆ ಏನರ್ಥ?

ನಾನು ಆಗ ಅಕ್ಕನ ಪಕ್ಷ. ಸ್ವೀಡನ್ನಿನ ಸರ್ಕಾರಕ್ಕೆ ನಮ್ಮಜ್ಜಿಯ ಕೊರಳಿನ ಮೇಲೆ ಕಣ್ಣೇಕೆ ಎಂದು ಜೋರಾಗಿಯೇ ವಾದಿಸಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಭಾವ ಲ್ಯಾಪ್‌ಟಾಪ್ ತೆಗೆದು, ಇಂಥ ಕರಾರುಗಳನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿಕೊಡುವ ಒಂದು ಸೈಟು ಹುಡುಕಿದರು. ಕರಾರಿಗಿರುವ ಸ್ವೀಡಿಷ್ ಹೆಸರು ಪರದೆಯ ಈ ತುದಿಯಿಂದ ಆ ತುದಿಗೆ ಹರಡಿತ್ತು.

"ಇದನ್ನ ಓದಿ ಮುಗಿಸೋ ಹೊತ್ತಿಗೆ ಡೈವೋರ್ಸೇ ಆಗೋಗುತ್ತೆ ಕಣೆ," ಎಂದರು ಭಾವ.

"ಆಗ್ಲಿ ಬಿಡಿ, ಸರ ನನ್ ಹತ್ರ ಇರುತ್ತಲ್ಲ," ಎಂದಳು ಅಕ್ಕ ಒಲೆಯ ಮುಂದಿನಿಂದಲೇ.

"ಅಲ್ಲ, ನಾವು ಮದ್ವೆಯಾಗಿದ್ದು ದಾವಣಗೆರೆಲಿ. ಇವರ ಕಾನೂನು ನಮಗ್ಯಾಕೆ ಬರುತ್ತೆ?"

ನಾನು ಸುಮ್ಮನಿರಲಿಲ್ಲ. "ಮದ್ವೆ ಅಲ್ಲಾಯ್ತು ಭಾವ, ಸಂಸಾರ ಹೂಡಿದ್ದು ಇಲ್ಲೇ ತಾನೆ? ಇವರು ನೋಡೋದು ಅದನ್ನಂತೆ."

"ಶುರು ಮಾಡಿದ್ಲಪ್ಪ ಲಾಯರಮ್ಮ. ಮಂಡಕ್ಕಿ ತಿನ್ನಮ್ಮ, ಮೆತ್ತಗಾಗುತ್ತೆ."

ಹೆಸರು, ವಿಳಾಸ, ಇಬ್ಬರ ಪರ್ಸೂನ್‌ನುಮ್ಮರ್ ಎಂಬ ಇಲ್ಲಿನ ಗುರುತಿನ ಸಂಖ್ಯೆ ತುಂಬಿದ್ದಾಯಿತು. ಆಮೇಲೆ ನಿಜವಾದ ಪ್ರಶ್ನೆ ಬಂತು. ಇಬ್ಬರ ಎಲ್ಲ ಆಸ್ತಿಯೂ ಬೇರೆ ಬೇರೆಯೇ, ಅಥವಾ ಹೆಸರಿಸಿದ ಕೆಲವು ವಸ್ತುಗಳು ಮಾತ್ರವೇ? ಭಾವ ಅದನ್ನು ಕನ್ನಡಕ್ಕೆ ಇಳಿಸಿದರು. "ನಿಂದು ನಿಂಗೆ, ನಂದು ನಂಗೆ. ಹಾಗೇ ಮಾಡ್ಲಾ?"

"ಹೂಂ ಮತ್ತೆ, ನಮ್ಮಲ್ಲಿ ಇರೋದೂ ಹಾಗೇ ಅಲ್ವಾ," ಎಂದಳು ಅಕ್ಕ.

ಭಾವ ಮೊದಲನೆಯದನ್ನು ಒತ್ತಿದರು. ಮೂಲೆಯ ಪ್ರಿಂಟರ್ ಎರಡು ಹಾಳೆ ಉಗುಳಿತು. ಅಕ್ಕ ಕೈ ಒರೆಸಿಕೊಂಡು ಬಂದು ಪೆನ್ನು ಹುಡುಕತೊಡಗಿದಳು.

ನನ್ನನ್ನು ಕೆಣಕಿದ್ದು ನ್ಯಾಯಪ್ರಜ್ಞೆ ಅಲ್ಲ, ಬರೀ ಕುತೂಹಲ. ನಮ್ಮಲ್ಲಿ ಇರುವುದು ಹಾಗೆಯೇ ಎಂದಳಲ್ಲ, ಹಾಗೆ ಎಂದರೆ ಹೇಗೆ? ಬಂಗಾರ ಹೆಂಗಸಿನದು, ಮನೆ ಗಂಡಸಿನ ಹೆಸರಿಗೆ. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ, ಯಾರೂ ಬರೆದಿಟ್ಟದ್ದೂ ಅಲ್ಲ. ಅದಕ್ಕೇ ಇರಬೇಕು, ಆ ಮೊದಲ ಆಯ್ಕೆ ಅಕ್ಕನಿಗೆ ಹಳೆಯ ಪರಿಚಯದಂತೆ ಕಂಡಿತು.

"ಅಕ್ಕ, ಈ ಮನೆ ಯಾರದ್ದು?" ಎಂದು ಕೇಳಿದೆ.

"ನಮ್ದು," ಎಂದರು ಇಬ್ಬರೂ ಒಟ್ಟಿಗೆ.

"ಹೆಸರು ಯಾರದ್ದು?"

"ಇವರದ್ದು. ಕೊಂಡಾಗ ನನಗಿನ್ನೂ ಪರ್ಸೂನ್‌ನುಮ್ಮರೇ ಬಂದಿರಲಿಲ್ಲ ಕಣೆ. ಅದಕ್ಕೇನೀಗ?"

"ಸಾಲದ ಕಂತು?"

"ಅವರ ಅಕೌಂಟಿಂದ. ದಿನಸಿ, ಪುಟ್ಟಿಯ ಡೇಕೇರ್ ಫೀಸು, ಊರಿಗೆ ಹೋಗೋ ಟಿಕೆಟ್ಟು ನನ್ನ ಅಕೌಂಟಿಂದ. ಪೊಲೀಸ್ ಥರ ಕೇಳ್ತೀಯಲ್ಲ."

ಹಾಳೆಯನ್ನು ಅವಳ ಮುಂದೆ ತಿರುಗಿಸಿ ಹೇಳಿದೆ. ಏನೂ ಬರೆಯದೆ ಸುಮ್ಮನಿದ್ದರೆ ಸರವೂ ಲೆಕ್ಕಕ್ಕೆ ಸೇರುತ್ತದೆ ನಿಜ, ಆದರೆ ಈ ಮನೆಯೂ ಸೇರುತ್ತದೆ. ಇದಕ್ಕೆ ಸಹಿ ಹಾಕಿದರೆ ಸರ ಪೂರ್ತಿ ನಿನ್ನದು, ಮನೆ ಪೂರ್ತಿ ಭಾವನದು. ನೀನು ತಂದ ಅಕ್ಕಿಬೇಳೆ ಮಾತ್ರ ಯಾರದೂ ಅಲ್ಲ, ತಿಂದು ಮುಗಿದಿರುತ್ತದೆ.

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. "ಅಂದ್ರೆ ಈಗ, ನಾನೇನೂ ಕೇಳದೇನೇ, ಇದರಲ್ಲಿ ನನಗೆ ಪಾಲಿದೆಯಾ?" ಗೋಡೆ, ಬಾಲ್ಕನಿಯ ಬಾಗಿಲು, ಒಲೆ, ಒಂದೊಂದನ್ನೂ ಮೊದಲ ಸಲ ಬಂದ ನೆಂಟರಂತೆ ನೋಡಿದಳು. ನನಗೂ ಅಷ್ಟೇ ಬೆರಗು. ಸರದ ಮೇಲೆ ಕಣ್ಣಿಟ್ಟಿದೆ ಎಂದು ನಾನು ಬೈದಿದ್ದ ಕಾನೂನೇ ಅವಳಿಗೆ ಈ ಮನೆಯಲ್ಲೂ ಪಾಲು ಕೊಟ್ಟಿತ್ತು. ಅದನ್ನು ಅವಳು ಇನ್ನೇನು ಒಂದು ಸಹಿಯಲ್ಲಿ ಹಿಂದಿರುಗಿಸುವವಳಿದ್ದಳು, ನನ್ನ ವಾದದ ಬೆಂಬಲದೊಂದಿಗೆ.

"ನೀನೇ ತಾನೆ ಹೂಂ ಅಂದಿದ್ದು," ಎಂದರು ಭಾವ.

"ನಾನು ಸರಕ್ಕೆ ಹೂಂ ಅಂದೆ ರೀ."

ಭಾವ ವಾದಕ್ಕೆ ನಿಲ್ಲಲಿಲ್ಲ. ಮತ್ತೆ ಮೊದಲಿನಿಂದ ತುಂಬಿ, ಎರಡನೆಯ ಆಯ್ಕೆ ಒತ್ತಿ, ಸರವೊಂದನ್ನೇ ಅಕ್ಕನ ಪ್ರತ್ಯೇಕ ಆಸ್ತಿಯೆಂದು ಬರೆದರು. ಅವಲಕ್ಕಿ ಸರಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೆಂದು ಮೂವರೂ ಬಡಿದಾಡಿ, ಕೊನೆಗೆ ಅದರ ಫೋಟೋ ತೆಗೆದು ಜೊತೆಗಿಟ್ಟೆವು. ತೆರಿಗೆ ಕಚೇರಿಗೆ ಹೋದ ಕರಾರು ಅದು. ಹಾಗಾಗಿ ಜನ ಹೇಳುವ ಕಥೆಯಲ್ಲಿ ಕರಾರು ಇರುವುದಷ್ಟೇ ನಿಜ. ನಾನು ಬರೆಸಿದೆ ಎಂಬುದು ಸುಳ್ಳು. ನಾನು ಒಂದನ್ನು ತಡೆದೆ.

ಸಂಜೆ ಭಾವ ಎಂದಿನಂತೆ ನನ್ನನ್ನು ಟ್ರಾಮ್ ಸ್ಟಾಪಿನವರೆಗೆ ಬಿಡಲು ಬಂದರು. ದಾರಿಯುದ್ದಕ್ಕೂ ನನ್ನ ಪರೀಕ್ಷೆಯ ಬಗ್ಗೆ ವಿಚಾರಿಸಿದರು. ಒಳ್ಳೆಯ ಮನುಷ್ಯ, ಅದರಲ್ಲಿ ನನಗೆ ಈಗಲೂ ತಕರಾರಿಲ್ಲ. ಹೊಸ ಕುಕ್ಕರ್ ಬಂದರೆ ವಾರಂಟಿಯ ಹಾಳೆಯನ್ನು ಕೊನೆಯ ಸಾಲಿನವರೆಗೆ ಓದಿಯೇ ಅಕ್ಕಿ ಇಡಲು ಬಿಡುವವರು. ಆ ಸೈಟಿನಲ್ಲಿ ಪ್ರತಿ ಆಯ್ಕೆಯ ಕೆಳಗೂ, ಅದನ್ನು ಒತ್ತಿದರೆ ಏನಾಗುತ್ತದೆಂದು ಸಣ್ಣ ಅಕ್ಷರಗಳ ಒಂದು ವಿವರಣೆ ಇದ್ದುದನ್ನು ಎರಡನೆಯ ಸಲ ತುಂಬುವಾಗ ನಾನು ನೋಡಿದ್ದೆ. ಮೊದಲ ಸಲ ಅಕ್ಕ ಒಲೆಯ ಮುಂದಿದ್ದಳು. ಪರದೆಯ ಮುಂದೆ ಇದ್ದವರು ಅವರೊಬ್ಬರೇ. ನಾನು ಕೇಳಿದೆ:

"ಭಾವ, ಮೊದಲನೇದನ್ನ ಒತ್ತಿದ್ರಲ್ಲ, ಅದರ ಕೆಳಗೆ ಬರೆದಿದ್ದನ್ನ ನೀವು ಓದಿದ್ರಾ?"