ಹೊಟ್ಟೆಯ ಮೇಲೆ ಒತ್ತಿದ ಕೈ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಹೈಸ್ಕೂಲಿನಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿದವನು, ಹೇಗೆ ನಂಬಲಿ? ನೀವೂ ನಂಬಬೇಕಾಗಿಲ್ಲ, ಕೇಳಿದರೆ ಸಾಕು.

ಕೆಲವು ವರ್ಷಗಳ ಹಿಂದೆ ಗೋಕುಲ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದೆ. ಕುತ್ತಿಗೆ ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ಎದೆಯಿಂದ ಕೆಳಗೆ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಕೈಕಾಲಿನ ಚಿಂತೆ ಹಾಗಿರಲಿ, ನನಗೆ ಕೆಮ್ಮಲೂ ಬಲವಿರಲಿಲ್ಲ. ಕಫ ಸಿಕ್ಕಿಕೊಂಡರೆ ಜೀವ ಬಾಯಿಗೆ ಬರುತ್ತಿತ್ತು. ಮಾಳಮಡ್ಡಿಯ ನಮ್ಮ ಮನೆಗೆ ಬರುತ್ತಿದ್ದ ಫಿಜಿಯೋಥೆರಪಿಸ್ಟ್, ಹೊಟ್ಟೆ ಒತ್ತಿ ಕೆಮ್ಮಿಸುವುದನ್ನು ನನ್ನ ಹೆಂಡತಿ ಗಿರಿಜಾಗೆ ಕಲಿಸಿದಳು. ಗಿರಿಜಾ ಹೆದರಿ, ನಾನು ಕೆಮ್ಮಿ ಮುಗಿಸಿದ ಮೇಲೆ ಮೆಲ್ಲಗೆ ಮುಟ್ಟುತ್ತಿದ್ದಳು.

"ಅಕ್ಕಾರ, ರೊಟ್ಟಿ ಹಿಟ್ಟು ನಾದ್ತೀರಲ್ಲ, ಹಂಗ ಅಂಗೈ ಬುಡದಿಂದ ಒತ್ರಿ. ಅವರು ಕೆಮ್ಮೂ ಹೊತ್ತಿಗೇ ಒತ್ತಬೇಕ್ರಿ," ಎಂದಳು ಆಕೆ. ಅಂದಿನಿಂದ ಸರಿಹೋಯಿತು. ಉಸಿರಿನ ಬಲ ನೋಡಲು ಆಕೆ ಎಣಿಸಲು ಹೇಳುತ್ತಿದ್ದಳು, ಒಂದೇ ಉಸಿರಿಗೆ ಆರರವರೆಗೆ ಎಣಿಸುವಂತಾದೆ.

ಒಂದು ಮಧ್ಯಾಹ್ನ ಓಣಿಯ ಕೊನೆಯ ಮನೆಯವರು ಬಸುರಿ ಮಗಳ ಕುಬಸದ ಊಟಕ್ಕೆ ರೊಟ್ಟಿ ಬಡಿಯಲು ಗಿರಿಜಾಳನ್ನು ಕರೆದರು. ತಿಂಗಳುಗಟ್ಟಲೆ ಹೊಸ್ತಿಲು ದಾಟದವಳು, ಪಾಪ. ನಾನೇ ಹಟ ಮಾಡಿ ಕಳಿಸಿದೆ. ಅವಳು ಹೋದ ಸ್ವಲ್ಪ ಹೊತ್ತಿಗೆ ಕಫ ಗಂಟಲಿಗೆ ಬಂದು ನಿಂತಿತು. ಕೂಗಲು ಉಸಿರಿಲ್ಲ. ಕಣ್ಣು ಕತ್ತಲಿಟ್ಟಿತು. ಮುಗಿಯಿತು ಎಂದುಕೊಂಡೆ.

ಆಗ ಪಕ್ಕೆಲುಬಿನ ಕೆಳಗೆ ಎರಡು ಅಂಗೈ ಬಲವಾಗಿ ಒತ್ತಿದವು. ಬೆಚ್ಚಗಿದ್ದವು, ಒದ್ದೆಯಾಗಿದ್ದವು. ಏನೂ ಗೊತ್ತಾಗದ ಆ ಜಾಗದಲ್ಲೇ ನನಗೆ ಅದು ಸ್ಪಷ್ಟವಾಗಿ ಗೊತ್ತಾಯಿತು. ಕೆಮ್ಮಿದೆ. ಕಫ ಹೊರಬಂತು. ಕಣ್ಣು ತೆರೆದರೆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಎರಡು ನಿಮಿಷವಾಗಿತ್ತೋ ಏನೋ, ಗಿರಿಜಾ ಓಡಿ ಬಂದಳು. ಕೈತುಂಬ ಹಿಟ್ಟು.

"ಕೆಮ್ಮಿದ್ರೇನ್ರಿ? ಹಿಟ್ಟು ನಾದಾಕತ್ತಿದ್ದೆ, ಅದರೊಳಗ ನಿಮ್ಮ ಎಲುಬು ಕೈಗೆ ಹತ್ತಿದಂಗಾತು. ಕೈ ಸೈತ ತೊಳಕೊಳ್ಳಲಿಲ್ಲ ನೋಡ್ರಿ!"

"ಛಲೋ ಕೆಮ್ಮಿದೆ," ಎಂದೆ. ಇಬ್ಬರೂ ಅತ್ತೆವು.

ಮರುದಿನ ಇದನ್ನೆಲ್ಲ ಕೇಳಿದ ಫಿಜಿಯೋಥೆರಪಿಸ್ಟ್, ಸ್ಪರ್ಶ ಮರಳಿದೆಯೇನೋ ಎಂದು ನನಗೆ ಕಣ್ಣು ಮುಚ್ಚಲು ಹೇಳಿ ಹೊಟ್ಟೆಗೆ ಹತ್ತಿ ತಾಗಿಸಿ ನೋಡಿದಳು. ಎಲ್ಲೂ ಗೊತ್ತಾಗಲಿಲ್ಲ. ಆದರೆ ಉಸಿರುಕಟ್ಟಿ ಸಾಯುವೆನೆಂಬ ನನ್ನ ಹೆದರಿಕೆ ಅಲ್ಲಿಗೆ ಹೋಯಿತು. ಈಗ ಒಂದೇ ಉಸಿರಿಗೆ ಇಪ್ಪತ್ತೆರಡು ಎಣಿಸುತ್ತೇನೆ, ಗಾಲಿಕುರ್ಚಿಯಲ್ಲಿ ಕೂತು ಓಣಿಯ ಮಕ್ಕಳಿಗೆ ಪಾಠ ಹೇಳುತ್ತೇನೆ.

ಗಿರಿಜಾ ಇಂದಿಗೂ ದಿನಾ ಬೆಳಿಗ್ಗೆ ಒತ್ತುತ್ತಾಳೆ. ಅವಳ ಕೈ ನನ್ನ ಹೊಟ್ಟೆಯ ಮೇಲಿರುವುದು ಕಣ್ಣಿಗೆ ಕಾಣುತ್ತದೆ, ಮೈಗೆ ತಿಳಿಯುವುದಿಲ್ಲ. ಅವಳು ಇಲ್ಲದ ಆ ಒಂದು ದಿನ ಮಾತ್ರ ಅದು ಹೇಗೆ ತಿಳಿಯಿತೋ, ನನಗೆ ಇನ್ನೂ ಗೊತ್ತಾಗಿಲ್ಲ.