ಹೊಸ್ತಿಲಲ್ಲಿ ಸಿಕ್ಕಿಬಿದ್ದ ಒಡಪು

ಎರಡನೇ ಸೊಸೆ ಹೊಸ್ತಿಲಾಚೆ ನಿಂತು ಬಾಯಿ ತೆರೆದಳು... ಮಾತೇ ಹೊರಡಲಿಲ್ಲ.

ದೇವದುರ್ಗದಲ್ಲಿ ನನ್ನ ತಮ್ಮನ ಇಬ್ಬರು ಗಂಡುಮಕ್ಕಳ ಮದುವೆ ಒಂದೇ ಹಂದರದಲ್ಲಿ ಮುಗಿದಿತ್ತು. ಈಗ ಸೊಸೆಯರನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ಗಂಡನ ಹೆಸರು ಸೇರಿಸಿ, ಪ್ರಾಸ ಕಟ್ಟಿ ಒಡಪು ಹೇಳುವ ತನಕ ನಾದಿನಿ ಬಾಗಿಲು ಬಿಡುವುದಿಲ್ಲ, ನಿಮಗೆ ಗೊತ್ತಲ್ಲ.

ನಮ್ಮ ಬಳಗದಲ್ಲಿ ಯಾರಿಗೆ ಒಡಪು ಬೇಕಾದರೂ ಮಾನ್ವಿಗೆ, ನನಗೇ ಫೋನ್ ಹಚ್ಚುವುದು ರೂಢಿ. ನಾಲ್ಕನೇ ಕ್ಲಾಸ್ ಓದಿದವಳಿಗೆ ಅದೊಂದೇ ದೊಡ್ಡಸ್ತಿಕೆ.

ಈ ಸಲ ಯಾರೂ ಕೇಳಲಿಲ್ಲ.

ರಾಯಚೂರಿನ ಮೊಮ್ಮಗಳು ಪಲ್ಲವಿ ಮೊಬೈಲ್ ತೋರಿಸಿದಳು. "ಅಜ್ಜೀ, ಇನ್ನ ನೀ ಆರಾಮ ಕುಂದ್ರು. ಎಐಗೆ ಕೇಳಿದ್ರ ಸಾಕು, ಒಡಪು ಬರೆದು ಕೊಡ್ತದ."

ನಕ್ಕೆ. ಒಳಗೆ ಮಾತ್ರ ಚುರ್ ಅಂದಿತು.

ಮೊದಲ ಸೊಸೆ, ಮಟಮಾರಿಯವಳು, ಗಿಳಿಯಂತೆ ಒಪ್ಪಿಸಿದಳು:

"ನೀಲಿ ಆಕಾಶಕ್ಕೆ ಚಂದ್ರ, ತಿಳಿ ಕೊಳಕ್ಕೆ ತಾವರೆ,
ಮಲ್ಲಿಕಾರ್ಜುನರೇ ನನ್ನ ಬಾಳಿಗೆ ಆಸರೆ."

ಚಪ್ಪಾಳೆ!

ಎರಡನೆಯವಳು, ಕುರ್ಡಿಯ ಶಾಂತಾ, ಬೆವರಿದಳು. ಪಲ್ಲವಿ ಗಡಿಬಿಡಿಯಲ್ಲಿ ಇಬ್ಬರಿಗೂ ಅದೇ ಒಡಪು ಕಳಿಸಿದ್ದಳು... ಗಂಡಂದಿರ ಹೆಸರಷ್ಟೇ ಬದಲಿಸಿ!

"ಏನವ್ವಾ, ಗಂಡನ ಹೆಸರ ಮರ್ತಿ ಏನು?" ಬಾಗಿಲಿಗೆ ಕೈ ಅಡ್ಡ ಹಿಡಿದ ನಾದಿನಿ ಕೆಣಕಿದಳು. ಹಂದರವೆಲ್ಲ ನಗು. ಹುಡುಗಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನನ್ನ ಕಡೆ ತಿರುಗಿದಳು. "ಅತ್ತೀ, ನೀವರ ಒಂದು ಹೇಳಿಕೊಡ್ರೀ..."

ಆಹಾ, ಬಂತು ನನ್ನ ಸರದಿ! ನಾಲಿಗೆ ತುದಿಗೆ ಒಂದು ಬಂದೇಬಿಟ್ಟಿತು... ಅದರಲ್ಲೂ ಚಂದ್ರ, ಅದರಲ್ಲೂ ತಾವರೆ! ನಲವತ್ತು ವರ್ಷ ನಾನೂ ಹೆಸರು ಬದಲಿಸಿಯೇ ಕೊಟ್ಟಿದ್ದೆನಲ್ಲ, ಶಿವನೇ.

ನುಂಗಿಕೊಂಡೆ.

"ನಂದು ಬ್ಯಾಡವ್ವ. ನಿನ್ನ ನೋಡಾಕ ಬಂದಾಗ ಇಂವ ಏನ್ ಮಾಡಿದ್ದ? ಅದನ್ನ ಹೇಳು."

ಶಾಂತಾ ಗಂಡನತ್ತ ಓರೆಗಣ್ಣಲ್ಲಿ ನೋಡುತ್ತಾಳೆ. ಸೆರಗು ಸರಿಮಾಡಿಕೊಂಡು ಶುರುಮಾಡುತ್ತಾಳೆ.

"ನೋಡಾಕ ಬಂದಾರು, ಚಹಾ ಚೆಲ್ಲ್ಯಾರು ಅಂಗೀ ಮ್ಯಾಲ,
ವೀರೇಶರ ಕೈ ನಡುಗಿದ್ದು ನೋಡೇ ನನಗ ಮನಸಾತು ಅವರ ಮ್ಯಾಲ!"

ಎರಡನೇ ಸಾಲು ಮೊದಲಿನದಕ್ಕಿಂತ ಒಂದು ಮೊಳ ಉದ್ದ. ಯಾರಿಗೆ ಬೇಕು ಅಳತೆ! ಹಂದರವೇ ಹಾರಿಹೋಗುವಂಥ ನಗು. ವೀರೇಶನ ಕಿವಿ ಕೆಂಪು ಕೆಂಪು.

ಅವನ ತಾಯಿ ಬೆನ್ನಿಗೊಂದು ಗುದ್ದಿದಳು. "ಕಾಕಾನ ಕೈ ತಾಕಿ ಚಹಾ ಚೆಲ್ತು ಅಂದಿದ್ದೆಲ್ಲೋ, ಕಳ್ಳಾ!"

ನಾದಿನಿ ಬಾಗಿಲು ಬಿಟ್ಟು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ಶಾಂತಾ ಆ ಸಂದಿಯಲ್ಲೇ ಹೊಸ್ತಿಲ ಮೇಲಿಟ್ಟ ಸೇರಕ್ಕಿ ಒದ್ದು ಒಳಗೆ ಬಂದೇಬಿಟ್ಟಳು!

ಪಲ್ಲವಿ ನನ್ನ ಕಿವಿಯಲ್ಲಿ, "ಅಜ್ಜೀ, ಆ ಚಹಾದ ಸುದ್ದಿ ಎಐಗೆ ಹೆಂಗ ಗೊತ್ತಾಗಬೇಕು?" ಅಂದಳು. ನನಗಾದರೂ ಎಲ್ಲಿ ಗೊತ್ತಿತ್ತು, ಮಗಳೇ...

ಈಗ ಮಾನ್ವಿಯಲ್ಲಿ ಕೂತು ನಮ್ಮ ಯಜಮಾನರ ಮೇಲೆ ಹೊಸದೊಂದು ಕಟ್ಟುತ್ತಿದ್ದೇನೆ. "ಉಪ್ಪು ತರ್ರಿ ಅಂದ್ರ ತಂದಾರು ಚೀಲ ತುಂಬ ಬದನಿಕಾಯಿ..." ಮುಂದಿನ ಸಾಲಿನ ಬದಲು ನಗುವೇ ಬರುತ್ತಿದೆ.

ನೀವು ಹೇಳಿ, ನಿಮ್ಮವರ ಹೆಸರನ್ನು ಯಾವುದರ ಜೊತೆ ಕಟ್ಟುತ್ತೀರಿ... ತಾವರೆ ಬಿಟ್ಟು?